ಗಡ್ಡದೊಳಗಿನ ಗದ್ದ

ನವೆಂಬರ್ 18, ಸೋಮವಾರ

ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿವೆ. ಮಾತಿಲ್ಲ. ನಾವು ಹೇಳಿದ್ದು ತಲೆಗೆ ಹೋಗುತ್ತದೋ ಇಲ್ಲವೋ ಅದೂ ತಿಳಿಯುವುದಿಲ್ಲ. ಮೂಗಿನಲ್ಲಿ ಊಟದ ನಳಿಕೆ. ಸ್ಟ್ರೋಕ್ ದೊಡ್ಡದು, ಕಾದು ನೋಡಿ ಎಂದಿದ್ದಾರೆ ಡಾಕ್ಟರು.

ಹೆಬ್ಬಾಲೆಯ ಅರ್ಧ ಊರು ನಮ್ಮ ಅಂಗಳದಲ್ಲಿತ್ತು. ಚಿಕ್ಕಪ್ಪ ನನ್ನ ಹೆಗಲ ಮೇಲೆ ಕೈ ಹಾಕಿ ತಿಪ್ಪೆಯ ಕಡೆಗೆ ಕರೆದುಕೊಂಡು ಹೋದರು. “ಧೈರ್ಯ ತಂದ್ಕೊ ಶಶಿ. ಅಣ್ಣಂದು ಇನ್ನು ಬಾಳ ದಿನ ಇಲ್ಲ ಅನ್ಸುತ್ತೆ. ಒಬ್ನೇ ಮಗ ನೀನು. ತಲೆ, ಗಡ್ಡ, ಮೀಸೆ ತೆಗ್ಸಿ ನೀನೇ ಮುಂದೆ ನಿಂತು ಎಲ್ಲಾ ಮಾಡ್ಬೇಕಾಯ್ತದೆ” ಎಂದರು.

ಆಗ ನನ್ನ ತಲೆಗೆ ಮೊದಲು ಹೊಳೆದದ್ದನ್ನು ಇಲ್ಲಿ ಮಾತ್ರ ಬರೆಯಬಲ್ಲೆ. ಗಡ್ಡ ಹೋಗುತ್ತದಲ್ಲ ಎಂದು ಹೊಳೆಯಿತು. ಅಪ್ಪ ಹೋಗುತ್ತಾರೆ ಎನ್ನುವುದು ಆಮೇಲೆ, ಚಿಕ್ಕಪ್ಪ ಮೂಗು ಸೀನಿಕೊಂಡಾಗ ಹೊಳೆಯಿತು. ಥೂ ನನ್ನ ಜನ್ಮಕ್ಕೆ.

ಊರಿನಲ್ಲಿ ಇಬ್ಬರು ಸಣ್ಣಸ್ವಾಮಿಗಳಿದ್ದಾರೆ. ಒಬ್ಬರು ಗಾಡಿ ಸಣ್ಣಸ್ವಾಮಿ, ಇನ್ನೊಬ್ಬರು ಗದ್ದಿಲ್ಲದ ಸಣ್ಣಸ್ವಾಮಿ. ಎರಡನೆಯವರು ನಮ್ಮಪ್ಪ. ಯಾರು ಹಾಗೆ ಕೂಗಿದರೂ ಅವರು ‘ಓ’ ಎಂದು ಓಗೊಡುತ್ತಿದ್ದರು. ದಿನಾ ಬೆಳಿಗ್ಗೆ ಸೀಬೆಮರಕ್ಕೆ ಕನ್ನಡಿ ನೇತುಹಾಕಿ, ನುಣ್ಣಗೆ ಶೇವ್ ಮಾಡಿಕೊಂಡು, ಆ ಇಲ್ಲದ ಗದ್ದವನ್ನು ಊರಿಗೆಲ್ಲ ತೋರಿಸಿಕೊಂಡು ಓಡಾಡುತ್ತಿದ್ದರು. ಕೆಳತುಟಿಯಿಂದ ಸೀದಾ ಗಂಟಲಿಗೆ ಇಳಿಯುವ ಆ ಮುಖವೇ ನನಗೂ ಬಂದಿದೆ. ಶಾಲೆಯಲ್ಲಿ ನನ್ನನ್ನು ಓತಿಕ್ಯಾತ ಎನ್ನುತ್ತಿದ್ದರು. ಪಿಯುಸಿಯಲ್ಲಿ ಗಡ್ಡ ಬಂತು, ಬದುಕಿದೆ. ಅಂದಿನಿಂದ ಬಿಟ್ಟ ಗಡ್ಡವನ್ನು ಕತ್ತರಿಯಲ್ಲಿ ಒಪ್ಪ ಮಾಡಿದ್ದೇನೆಯೇ ಹೊರತು ತೆಗೆದಿಲ್ಲ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು, ಕೂಲಿಯವರ ಲೈನುಮನೆಗಳಲ್ಲಿ ನಾನು ಗಡ್ಡದ ರೈಟರು. ಹೆಣ್ಣು ನೋಡಲು ಕೊಡ್ಲಿಪೇಟೆಗೆ ಹೋದಾಗಲೂ ಮುಂದೆ ಗಡ್ಡ ಹೋಗಿತ್ತು, ಹಿಂದೆ ನಾನು. ಮದುವೆಯಾಗಿ ಐದು ವರ್ಷ. ವೀಣಾ ಇವತ್ತಿನವರೆಗೆ ನನ್ನ ಗದ್ದ ನೋಡಿಲ್ಲ.

ನವೆಂಬರ್ 21, ಗುರುವಾರ

ಅಮ್ಮ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು ದೇವರ ಮುಂದೆ ನಿಂತು ಗಟ್ಟಿಯಾಗಿ ಹರಸಿಕೊಂಡಳು. “ಮಾದಪ್ಪ, ಇವ್ರು ಎದ್ದು ಕೂತು ಬಾಯಲ್ಲಿ ಊಟ ಮಾಡಂಗಾಗ್ಲಿ. ನನ್ ಮಗನ ತಲೆಕೂದ್ಲು, ಗಡ್ಡ ಎಲ್ಲಾ ನಿಂದೇ. ಬೆಟ್ಟಕ್ಕೆ ಬಂದು ಮುಡಿ ಕೊಡುಸ್ತೀನಿ. ಅಲ್ಲೀಗಂಟ ಕತ್ತಿ ಸೋಕ್ಸಲ್ಲ.”

ನನ್ನನ್ನು ಒಂದು ಮಾತು ಕೇಳಲಿಲ್ಲ.

ತೋಟದಲ್ಲಿ ನಿಂತು ಯೋಚಿಸಿದೆ. ಅಪ್ಪ ಹೋದರೆ ಗಡ್ಡ ಹೋಗುತ್ತದೆ. ಅಪ್ಪ ಎದ್ದು ಕೂತರೂ ಗಡ್ಡ ಹೋಗುತ್ತದೆ. ಅವರು ಹೀಗೆಯೇ, ಸಾಯದೆ ಏಳದೆ ಮಲಗಿರುವಷ್ಟು ದಿನ ಮಾತ್ರ ನನ್ನ ಮುಖ ನನ್ನದು. ಅಷ್ಟೂ ದಿನ ಇದಕ್ಕೆ ಕತ್ತಿ ಸೋಕಿಸುವ ಹಾಗಿಲ್ಲ, ಇದು ಮಾದಪ್ಪನ ಸ್ವತ್ತು. ಅಂದರೆ ನನಗೆ ಸ್ವಲ್ಪ ಸಮಯ ಸಿಕ್ಕಿತು. ಇಂಥ ಲೆಕ್ಕ ಹಾಕುವ ತಲೆ ನನ್ನ ಕತ್ತಿನ ಮೇಲೆಯೇ ಇದೆ ಎಂದು ನೆನೆದರೆ ಅನ್ನ ಇಳಿಯುವುದಿಲ್ಲ. ಆದರೂ ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಉಂಡೆ.

ನವೆಂಬರ್ 30, ಶನಿವಾರ

ಕಾಫಿ ಹಣ್ಣಿನ ಪಿಕಿಂಗ್ ಶುರುವಾಗಿದೆ. ಚೀಲಗಳು ತೂಕಕ್ಕೆ ಬರುವವರೆಗೆ ಕಾಫಿ ಕಣದ ಮೂಲೆಯಲ್ಲಿ, ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ ನಿಂತು ಗದ್ದದ ವಿಷಯ ಓದುತ್ತಿದ್ದೇನೆ. ಅಪ್ಪ ಎದ್ದು ಕೂರುವುದರೊಳಗೆ ಅಥವಾ ಇನ್ನೊಂದು ಆಗುವುದರೊಳಗೆ ಗಡ್ಡದ ಕೆಳಗೆ ಒಂದು ಗದ್ದ ಆಗಬೇಕು. ಆಗ ಬೋಳಿಸಿದರೆ ಬೋಳಿಸಿಕೊಳ್ಳಲಿ.

ಇರುವುದು ಎರಡು ದಾರಿ. ಒಂದು ಸೂಜಿ, ಇನ್ನೊಂದು ಕತ್ತಿ. ಸೂಜಿಯಲ್ಲಿ ಗದ್ದದೊಳಗೆ ಅಂಟಿನಂಥದ್ದೇನೋ ತುಂಬುತ್ತಾರೆ, ಅದಕ್ಕೆ ಫಿಲ್ಲರ್ ಎನ್ನುತ್ತಾರೆ. ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬರಬಹುದು. ಆದರೆ ಅದು ಕರಗುತ್ತದೆ. ಗದ್ದೆಯ ಬದುವಿಗೆ ಮಣ್ಣು ಮೆತ್ತಿದ ಹಾಗೆ, ಮತ್ತೆ ಮತ್ತೆ ಮೆತ್ತುತ್ತಿರಬೇಕು. ಕತ್ತಿಯ ದಾರಿಯಲ್ಲಿ ಮತ್ತೆ ಎರಡು ಕವಲು, ಒಳಗೆ ಸಿಲಿಕಾನ್ ತುಂಡು ಇಡುವುದು, ಇಲ್ಲವೇ ಮೂಳೆಯನ್ನೇ ಕೊಯ್ದು ಮುಂದಕ್ಕೆ ತರುವುದು. ಗದ್ದಕ್ಕೆ ವ್ಯಾಯಾಮ ಹೇಳಿಕೊಡುವವರೂ ಇದ್ದಾರೆ, ಗಟ್ಟಿ ಚೂಯಿಂಗ್ ಗಮ್ ಮಾರುವವರೂ ಇದ್ದಾರೆ. ಅದನ್ನೂ ಅಗಿದು ನೋಡಿದೆ. ದವಡೆ ನೋವು ಬಂತು, ಗದ್ದ ಬರಲಿಲ್ಲ.

ಹಣ್ಣು ಕೊಯ್ಯುವ ಚೋಮಿ ಚೀಲ ಹೊತ್ತು ತಂದು ಎಷ್ಟೋ ಹೊತ್ತಿನಿಂದ ನಿಂತಿದ್ದಳಂತೆ. “ರೈಟ್ರೆ, ಫೋನಲ್ಲೇ ತೂಕ ಮಾಡ್ತೀರಾ?” ಎಂದಳು. ಎಲ್ಲರೂ ನಕ್ಕರು.

ಡಿಸೆಂಬರ್ 5, ಗುರುವಾರ

ಅಪ್ಪ ಎಡಗೈಯಲ್ಲಿ ಮೂಗಿನ ನಳಿಕೆ ಕಿತ್ತು ಹಾಕಿದರು. ಕುಶಾಲನಗರಕ್ಕೆ ಹೋಗಿ ಮತ್ತೆ ಹಾಕಿಸಿದೆವು. ಹಾಕುವಾಗ ಅವರ ಕಣ್ಣಲ್ಲಿ ನೀರು.

ಅವರ ಮುಖದ ಮೇಲೆ ಬಿಳಿ ಗಡ್ಡ ಬೆಳೆದಿದೆ. ನಾನು ನೋಡಿದ್ದೇ ಇಲ್ಲ ಅಪ್ಪನ ಗಡ್ಡವನ್ನು. “ಒಂದಿಷ್ಟು ಕೆರೆದಾಕೋ ಮಗಾ, ಯಾರೋ ಅನ್ನಂಗೆ ಕಾಣ್ತಾರೆ” ಎಂದಳು ಅಮ್ಮ. ನಾಳೆ ಎಂದೆ. ಅದರ ಕೆಳಗೆ ಏನಿದೆ ಎಂದು ನನಗೆ ಗೊತ್ತು, ನೋಡುವ ಆಸೆ ಇಲ್ಲ.

ಡಿಸೆಂಬರ್ 12, ಗುರುವಾರ

ಅಪ್ಪನ ಸ್ಕ್ಯಾನ್ ರಿಪೋರ್ಟ್ ತೋರಿಸಲು ಮೈಸೂರಿಗೆ ಹೋದೆ. ಅದನ್ನು ತೋರಿಸಿಯೂ ಬಂದೆ. ಮಿಕ್ಕ ಸಮಯದಲ್ಲಿ ಮುಖ ತಿದ್ದುವ ಡಾಕ್ಟರ್ ತೇಜಸ್ವಿನಿಯವರ ಕ್ಲಿನಿಕ್ಕಿಗೆ ಹೋದೆ. ಕಾಯುವ ಕೋಣೆಯಲ್ಲಿ ಇದ್ದವರೆಲ್ಲರ ಮೂಗು, ತುಟಿ, ಗದ್ದ ಚೆನ್ನಾಗಿಯೇ ಇದ್ದವು. ಇವರೆಲ್ಲ ಯಾಕೆ ಬಂದಿದ್ದಾರೆ ಎಂದು ಹೊಟ್ಟೆಕಿಚ್ಚಾಯಿತು.

ಡಾಕ್ಟರು ಒಳ್ಳೆಯವರು. ಆತುರವಿಲ್ಲದೆ ಹೇಳಿದರು. “ಫಿಲ್ಲರ್ ಅರ್ಧ ಗಂಟೆ ಕೆಲಸ. ಹೆಚ್ಚುಕಮ್ಮಿ ಒಂದು ವರ್ಷ ಇರುತ್ತೆ. ಇಷ್ಟ ಆಗ್ಲಿಲ್ಲ ಅಂದ್ರೆ ಕರಗಿಸ್ಲೂಬಹುದು. ಇಂಪ್ಲಾಂಟ್ ಅಂದ್ರೆ ತುಟಿ ಒಳಗಿಂದ ಕೊಯ್ದು ಮೂಳೆ ಮೇಲೆ ಸಿಲಿಕಾನ್ ಕೂರಿಸೋದು. ಅದು ಉಳಿಯುತ್ತೆ, ಆದ್ರೆ ಜರುಗಬಹುದು, ಸೋಂಕು ಆಗಬಹುದು. ಮೂರನೇದು ಗದ್ದದ ಮೂಳೆಯನ್ನೇ ಕತ್ತರಿಸಿ ಮುಂದಕ್ಕೆ ಸರಿಸಿ ಸ್ಕ್ರೂ ಹಾಕೋದು. ಅದು ನಿಮ್ಮದೇ ಮೂಳೆ, ಹಾಗಾಗಿ ನಿಲ್ಲುತ್ತೆ. ಆದ್ರೆ ದೊಡ್ಡ ಕೆಲಸ.”

“ನನಗೆ ಯಾವುದು ಡಾಕ್ಟ್ರೆ?”

ಅವರು ಗ್ಲೌಸ್ ಹಾಕಿಕೊಂಡು ಗಡ್ಡದೊಳಗೆ ಬೆರಳಿಟ್ಟು ಒತ್ತಿ ನೋಡಿದರು. ನನ್ನ ಗದ್ದವನ್ನು ಇನ್ನೊಬ್ಬರ ಕೈ ಮುಟ್ಟಿ ಎಷ್ಟು ವರ್ಷವಾಯಿತೋ.

“ಸಾಕಷ್ಟು ಹಿಂದಿದೆ. ಫಿಲ್ಲರ್‌ನಿಂದ ನಿಮಗೆ ತೃಪ್ತಿ ಆಗಲ್ಲ ಅನ್ಸುತ್ತೆ. ಮೂಳೆ ಸರಿಸೋದೇ ಸರಿ ಇರಬಹುದು. ಆದ್ರೆ ಕೇಳಿ, ತುಟಿ ಕೆಳಗೆ ಕೆಲವು ವಾರ ಮರಗಟ್ಟಿರುತ್ತೆ. ಕೆಲವರಿಗೆ ತಿಂಗಳುಗಟ್ಟಲೆ. ಅಪರೂಪಕ್ಕೆ ಪೂರ್ತಿ ವಾಪಸ್ ಬರದೇನೂ ಇರಬಹುದು. ಮೊದಲು ಗಂಜಿ, ಜ್ಯೂಸ್ ಅಷ್ಟೇ. ಕುಡಿಯುವಾಗ ಸೋರಿದ್ರೂ ಗೊತ್ತಾಗಲ್ಲ.”

ಅಪ್ಪನ ಹಾಗೆ ಎಂದುಕೊಂಡೆ. ಸೋರಿದರೆ ಸೋರಲಿ, ಮಾಡಿ ಎಂದೆ.

“ಮೊದಲು ಗಡ್ಡ ತೆಗೆದು ಬನ್ನಿ. ನೋಡದೆ, ಫೋಟೊ ಎಕ್ಸ್‌ರೇ ಇಲ್ಲದೆ ನಾನು ಏನೂ ಮಾಡಲ್ಲ.”

ಹರಕೆಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. “ಹಾಗಾದ್ರೆ ಹರಕೆ ತೀರಿಸಿಯೇ ಬನ್ನಿ. ಅಷ್ಟು ಅರ್ಜೆಂಟ್ ಏನಿದೆ?”

ಬಸ್ಸಿನಲ್ಲಿ ಬೈಲುಕುಪ್ಪೆ ದಾಟುವವರೆಗೂ ಕಿಟಕಿಯ ಗಾಜಿನಲ್ಲಿ ನನ್ನ ಮುಖವನ್ನೇ ನೋಡಿಕೊಂಡು ಬಂದೆ. ಮೂವತ್ತೆರಡು ವರ್ಷದ ಗಂಡಸು, ಅಳು ಬಂತು.

ಡಿಸೆಂಬರ್ 19, ಗುರುವಾರ

ಅಪ್ಪನನ್ನು ಮಡಿಕೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ನುಂಗುವುದನ್ನು ಕಲಿಸಲು ಅಲ್ಲೊಬ್ಬರು ಮಾಲತಿ ಎಂಬ ಥೆರಪಿಸ್ಟ್ ಇದ್ದಾರೆ. ಅವರು ಅಪ್ಪನ ಎದುರು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಒಂದು ಮಾತೂ ಆಡಲಿಲ್ಲ. ಒಂದು ಚಮಚ ಗಂಜಿಯನ್ನು ತಮ್ಮ ಬಾಯಿಗೆ ಹಾಕಿಕೊಂಡು, ಗದ್ದವನ್ನು ಎದೆಗೆ ತಾಗಿಸಿ, ನುಂಗಿದರು. ಇನ್ನೊಂದು ಚಮಚ ಅಪ್ಪನ ಬಾಯಿಗೆ. ಅಪ್ಪ ಅವರನ್ನೇ ದಿಟ್ಟಿಸಿ ನೋಡಿ, ಗದ್ದ ಬಗ್ಗಿಸಿ, ನುಂಗಿದರು. ಕೆಮ್ಮಲಿಲ್ಲ! ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

“ಇವ್ರಿಗೆ ಮಾತು ತಲೆಗೆ ಹೋಗಲ್ಲ, ನೋಡಿದ್ದನ್ನ ಮಾಡ್ತಾರೆ” ಎಂದರು ಮಾಲತಿ. “ಗದ್ದ ಎತ್ತಿ ನುಂಗಿದ್ರೆ ಗಂಜಿ ಉಸಿರಿನ ದಾರಿಗೆ ಹೋಗುತ್ತೆ, ಅಲ್ಲಿಂದ ನ್ಯುಮೋನಿಯಾ. ಎದೆಗೆ ತಾಗಿಸಿ ನುಂಗಿದ್ರೆ ಹೋಗಲ್ಲ. ಕೈಯಲ್ಲಿ ತಲೆ ಒತ್ತೋದು ಬೇಡ, ಕತ್ತು ಬಿಗಿ ಮಾಡ್ಕೊಂಡು ಹಿಂದಕ್ಕೆ ಎಳೀತಾರೆ. ಮನೇಲಿ ಒಬ್ರು ಹೀಗೆ ಎದುರು ಕೂತು ತೋರಿಸ್ಬೇಕು. ಪ್ರತಿ ತುತ್ತಿಗೂ.”

ಗದ್ದ ಎದೆಗೆ ತಾಗಿಸಬೇಕಂತೆ. ಇರುವವರಿಗೆ ಹೇಳಬೇಕಾದ ಮಾತು. ಅಪ್ಪನಿಗೂ ತಾಗಿತಲ್ಲ ಎಂದು ಆಮೇಲೆ ಆಶ್ಚರ್ಯವಾಯಿತು.

ಡಿಸೆಂಬರ್ 22, ಭಾನುವಾರ

ಮನೆಯಲ್ಲಿ ಆಗುತ್ತಿಲ್ಲ. ಅಮ್ಮ ಎದುರು ಕೂತರೆ ಮೊದಲ ಚಮಚಕ್ಕೇ ಅಳುತ್ತಾಳೆ, ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಾರೆ. ವೀಣಾ ಕೂತರೆ ಗೋಡೆಗೆ ತಿರುಗುತ್ತಾರೆ. ಸೊಸೆಯ ಮುಂದೆ ಬಾಯಿ ಸೋರಿಸಿಕೊಳ್ಳಲು ಅವರಿಗೆ ನಾಚಿಕೆ. ಆ ನಾಚಿಕೆ ಮಾತ್ರ ಸ್ಟ್ರೋಕಿಗೆ ಸಿಕ್ಕಿಲ್ಲ. ಫೋನಿನಲ್ಲಿ ವಿಡಿಯೊ ತೋರಿಸಿದರೆ ಫೋನನ್ನೇ ತಳ್ಳುತ್ತಾರೆ.

ನಾನು ಕೂತರೆ ನೋಡುತ್ತಾರೆ. ಚೆನ್ನಾಗಿ ನೋಡುತ್ತಾರೆ. ನನ್ನ ಕಣ್ಣು, ಮೂಗು ನೋಡಿ, ಆಮೇಲೆ ಗಡ್ಡದಲ್ಲಿ ಏನನ್ನೋ ಹುಡುಕುತ್ತಾರೆ. ಸಿಗದಿದ್ದಾಗ ಕತ್ತು ಮೇಲೆತ್ತಿ ನುಂಗುತ್ತಾರೆ. ಕೆಮ್ಮು.

ಡಿಸೆಂಬರ್ 28, ಶನಿವಾರ

ಜ್ವರ. ಮತ್ತೆ ಆಸ್ಪತ್ರೆ. ಗಂಜಿ ಶ್ವಾಸಕೋಶಕ್ಕೆ ಹೋಗಿದೆಯಂತೆ.

ಜನವರಿ 4, ಶನಿವಾರ

ಮನೆಗೆ ಬಂದೆವು. ಮೂಗಿನ ನಳಿಕೆ ಮತ್ತೆ ಬಂದಿದೆ. “ಇನ್ನೊಂದು ಸಲ ನ್ಯುಮೋನಿಯಾ ಬಂದ್ರೆ ತಡ್ಕೊಳ್ಳೋ ಶಕ್ತಿ ಇಲ್ಲ ಇವ್ರಿಗೆ” ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಬಾಯಲ್ಲಿ ನುಂಗಲು ಕಲಿಯದಿದ್ದರೆ ಹೊಟ್ಟೆಗೇ ತೂತು ಮಾಡಿ ನಳಿಕೆ ಹಾಕಬೇಕಾಗುತ್ತದಂತೆ. ಅದಕ್ಕೂ ದೇಹ ತಡೆಯಬೇಕು.

ಆ ಮಾತು ಕೇಳಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿದು ಬಂದು ನಾನು ಮಾಡಿದ ಮೊದಲ ಕೆಲಸವೇನು? ಮೈಸೂರಿನ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಅಪ್ಪನ ದಿನ ಹತ್ತಿರ ಬಂತು ಎಂದು ಹೆದರಿ ನನ್ನ ದಿನ ಗೊತ್ತುಮಾಡಿಕೊಂಡೆ. ಜನವರಿ 24, ಶುಕ್ರವಾರ. ಮುಂಚಿನ ದಿನವೇ ಬಂದು ಫೋಟೊ ಎಕ್ಸ್‌ರೇ ಮುಗಿಸಬೇಕು, ಎಲ್ಲ ಸರಿಯಿದ್ದರೆ ಆಪರೇಷನ್.

ಉಪಾಯ ಹೀಗಿದೆ. ಮೈಸೂರಿನ ಲಾಡ್ಜಿನಲ್ಲಿ ನಾನೇ ಗಡ್ಡ ತೆಗೆಯುವುದು. ಆಪರೇಷನ್ ಮುಗಿಸಿ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಬಂದು ಬೈಕಿನಿಂದ ಬಿದ್ದೆ ಎನ್ನುವುದು. ಗಾಯಕ್ಕೆ ಹೊಲಿಗೆ ಹಾಕಲು ಆಸ್ಪತ್ರೆಯವರೇ ಗಡ್ಡ ಬೋಳಿಸಿದರು ಎನ್ನುವುದು. ಹರಕೆ ಮುರಿದದ್ದು ಆಸ್ಪತ್ರೆಯವರ ತಲೆಗೆ. ಊತ ಇಳಿದಾಗ ಗದ್ದ ಮುಂದೆ ಬಂದಿರುತ್ತದೆ. ಬಿದ್ದ ಪೆಟ್ಟಿಗೆ ಹೀಗಾಯಿತು ಎಂದರೆ ಯಾರು ಕೇಳುತ್ತಾರೆ?

ಬೈಕಿನಿಂದ ಬಿದ್ದು ಗದ್ದ ಬಂದವನು ಜಿಲ್ಲೆಗೆ ನಾನೊಬ್ಬನೇ ಆಗುತ್ತೇನೆ. ಬರೆಯುವಾಗ ನಗು ಬಂತು. ಒಳಗಿನ ಕೋಣೆಯಲ್ಲಿ ಅಪ್ಪ ಕೆಮ್ಮಿದರು.

ಜನವರಿ 9, ಗುರುವಾರ

ಮಾಲತಿ ವಿಡಿಯೊ ಕಾಲ್ ಮಾಡಿದ್ದರು. ನಳಿಕೆ ಇದ್ದರೂ ದಿನಕ್ಕೆ ನಾಲ್ಕು ಚಮಚವಾದರೂ ಬಾಯಲ್ಲಿ ಅಭ್ಯಾಸ ಮಾಡಿಸಬೇಕು ಎಂದಿದ್ದರು. ನಾನು ಅಪ್ಪನ ಎದುರು ಕೂತು ತೋರಿಸಿದೆ, ವೀಣಾ ಫೋನು ಹಿಡಿದಿದ್ದಳು.

“ಶಶಿಯವ್ರೆ, ಈಗ ನೀವು ಬಗ್ಗಿಸಿದ್ರಾ?”

“ಬಗ್ಗಿಸಿದೆ ಮೇಡಂ.”

“ನಂಗೇ ಕಾಣಿಸ್ಲಿಲ್ಲ. ಪಾಪ ಅವ್ರಿಗೆ ಹೇಗೆ ಕಾಣಬೇಕು? ಆ ಗಡ್ಡ ತೆಗೀರಿ. ತುಟಿ, ಗದ್ದ, ಗಂಟಲು ಎಲ್ಲಾ ಕಾಣಬೇಕು.”

ನಾನು ಅಮ್ಮನ ಮುಖ ನೋಡಿದೆ. ಇಲ್ಲ ಎನ್ನು, ಇಲ್ಲ ಎನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. “ಅಯ್ಯೋ, ಅದು ಮಾದಪ್ಪಂಗೆ ಬಿಟ್ಟಿದ್ದು ಕಣವ್ವ. ಬೆಟ್ಟಕ್ಕೋಗೋಗಂಟ ಕತ್ತಿ ತಾಗ್ಸಂಗಿಲ್ಲ. ತಾಗ್ಸಿದ್ರೆ ಇವ್ರಿಗೇ ಏನಾರ ಆಗೋಯ್ತದೆ” ಎಂದಳು ಅಮ್ಮ.

ನನಗೆ ಸಮಾಧಾನವಾಯಿತು. ಅಮ್ಮ ಗಂಡ ಉಳಿಯಲಿ ಎಂದು ಆ ಹರಕೆ ಹಿಡಿದುಕೊಂಡಿದ್ದಾಳೆ. ನಾನು ಅದರ ಹಿಂದೆ ಅಡಗಿಕೊಂಡಿದ್ದೇನೆ. ಅವಳಿಗೆ ನಾನು ಒಳ್ಳೆಯ ಮಗ. “ನಮ್ ಶಶಿ ಅಪ್ಪಂಗೋಸ್ಕರ ಕತ್ತರೀನೂ ಸೋಕ್ಸಿಲ್ಲ” ಎಂದು ಬಂದವರಿಗೆಲ್ಲ ಹೇಳುತ್ತಾಳೆ.

ವೀಣಾ ಫೋನು ಕೆಳಗಿಟ್ಟು ನನ್ನನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು.

ಜನವರಿ 12, ಭಾನುವಾರ

ಬೆಳಿಗ್ಗೆ ಅಪ್ಪ ಮತ್ತೆ ನಳಿಕೆ ಕಿತ್ತರು. ನಳಿಕೆ ಹಾಕುವವರಿಗೆ ಫೋನ್ ಮಾಡಿದರೆ ಇವತ್ತು ಭಾನುವಾರ, ಸಂಜೆಗೆ ಬರುತ್ತೇವೆ ಎಂದರು. ಬಾಯಿ ಒಣಗಿ ತುಟಿ ಸಿಪ್ಪೆ ಎದ್ದಿತ್ತು. ಅವರು ಎಡಗೈಯಲ್ಲಿ ಲೋಟ ತೋರಿಸಿ ತೋರಿಸಿ ಕೇಳಿದರು. ಅಮ್ಮ ತಡೆಯಲಾರದೆ ಒಂದು ಚಮಚ ನೀರು ಹಾಕಿಬಿಟ್ಟಳು. ಅವರು ಬಾಯಾರಿಕೆಗೆ ಕತ್ತನ್ನು ಪೂರ್ತಿ ಮೇಲೆತ್ತಿ ನುಂಗಿದರು. ಕೆಮ್ಮು ಹತ್ತಿಕೊಂಡಿತು, ಬಿಡಲೇ ಇಲ್ಲ. ತುಟಿ ನೀಲಿಯಾಯಿತು. ನಾನು ಮುಂದಕ್ಕೆ ಬಗ್ಗಿಸಿ ಬೆನ್ನು ತಟ್ಟಿದೆ, ತಟ್ಟಿದೆ, ಕೊನೆಗೆ ಉಸಿರು ಎಳೆದುಕೊಂಡರು. ಕಣ್ಣು ಬಿಟ್ಟು ನನ್ನನ್ನು ನೋಡಿದರು. ಮತ್ತೆ ಲೋಟದ ಕಡೆ ಕೈ ತೋರಿಸಿದರು.

ಸೀಬೆಮರದ ಹತ್ತಿರ ಹೋಗಿ ಅಪ್ಪನ ರೇಜರಿನಲ್ಲೇ ಗಡ್ಡ ತೆಗೆದೆ. ಅಮ್ಮ ಹಿಂದೆಯೇ ಓಡಿ ಬಂದು “ಬ್ಯಾಡ ಕಣೋ, ಮಾದಪ್ಪಂದು ಕಣೋ ಅದು” ಎಂದು ರಟ್ಟೆ ಹಿಡಿದುಕೊಂಡಳು. ಅಷ್ಟರಲ್ಲಿ ಅರ್ಧ ಆಗಿತ್ತು. ಬ್ಲೇಡು ಹಳೆಯದು, ಎರಡು ಕಡೆ ಕೊಯ್ದಿತು. ಮೀಸೆ ಮುಟ್ಟಲಿಲ್ಲ. ಅಪ್ಪ ಇರುವಾಗ ನಮ್ಮಲ್ಲಿ ಮೀಸೆ ತೆಗೆಯುವುದಿಲ್ಲ.

ಗಂಜಿಯನ್ನು ಮಾಲತಿ ಹೇಳಿದ ಹದಕ್ಕೆ, ಚಮಚದಿಂದ ಜಾರದ ಹಾಗೆ ಗಟ್ಟಿ ಮಾಡಿಕೊಂಡು ಹೋಗಿ ಎದುರು ಕೂತೆ. ಮೊದಲು ನಾನು ಒಂದು ಚಮಚ ತೆಗೆದುಕೊಂಡು ಬಗ್ಗಿಸಿ ನುಂಗಿದೆ. ಅಪ್ಪ ನನ್ನನ್ನೇ ನೋಡುತ್ತಾ ಇದ್ದರು. ಹುಬ್ಬು ಮೇಲಕ್ಕೆ ಹೋಯಿತು. ಇನ್ನೊಂದು ಚಮಚ ನಾನು ತೆಗೆದುಕೊಂಡೆ. ಆಮೇಲೆ ಅವರಿಗೆ ಕೊಟ್ಟೆ. ಬಾಯಲ್ಲೇ ಇಟ್ಟುಕೊಂಡಿದ್ದರು. ನಾನು ಬಗ್ಗಿಸಿದೆ, ಅವರೂ ಬಗ್ಗಿಸಿದರು. ಗಂಟಲಿನ ಉಂಡೆ ಮೇಲೆ ಹೋಗಿ ಕೆಳಗೆ ಬಂತು. ನಾವೆಲ್ಲ ಉಸಿರು ಹಿಡಿದು ಕೆಮ್ಮಿಗೆ ಕಾದೆವು. ಬರಲಿಲ್ಲ. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಸ್ವಲ್ಪ ಕೆಮ್ಮಿದರು, ನಿಲ್ಲಿಸಿದೆ. ಮಧ್ಯಾಹ್ನ ಮತ್ತೆ ಅರ್ಧ ಲೋಟ. ಸಂಜೆ ಅರ್ಧ ಲೋಟಕ್ಕಿಂತ ಸ್ವಲ್ಪ ಹೆಚ್ಚು. ಎಡಗಡೆ ಕೆನ್ನೆಯಲ್ಲಿ ಹಾಕಿದರೆ ಸೋರುವುದು ಕಡಿಮೆ. ಚಮಚ ಚಿಕ್ಕದಿರಬೇಕು. ಆತುರ ಮಾಡಬಾರದು.

ನಳಿಕೆಯವರಿಗೆ ಇವತ್ತು ಬರಬೇಡಿ ಎಂದು ಹೇಳಿದೆ. ಮಾಲತಿಗೆ ಫೋನ್ ಮಾಡಿದೆ, ನಾಳೆ ಅವರೇ ಬಂದು ನೋಡುತ್ತಾರೆ.

ಜನವರಿ 13, ಸೋಮವಾರ

ಮಾಲತಿ ಬಂದು ನೋಡಿದರು, ಕುತ್ತಿಗೆಗೆ ಸ್ಟೆತಸ್ಕೋಪು ಇಟ್ಟು ಕೇಳಿದರು. ಜಾಗ್ರತೆಯಿಂದ ಹೀಗೆಯೇ ಮುಂದುವರಿಸಿ ಎಂದರು. ನೀರು ಮಾತ್ರ ಈಗಲೇ ಬೇಡ.

ಅಮ್ಮ ನನ್ನ ಜೊತೆ ಮಾತಾಡುತ್ತಿಲ್ಲ. ಗಂಜಿ ಮಾತ್ರ ಬಿಸಿಬಿಸಿ ತಂದಿಟ್ಟು ಹೋಗುತ್ತಾಳೆ.

ವೀಣಾ ನಿನ್ನೆ ಗದ್ದಲದಲ್ಲಿ ಸರಿಯಾಗಿ ನೋಡಿರಲಿಲ್ಲವಂತೆ. ಬಚ್ಚಲಿನ ಹತ್ತಿರ ನಿಲ್ಲಿಸಿ, ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ನೋಡಿದಳು.

“ಇಷ್ಟೇನಾ?” ಎಂದಳು.

“ಏನು ಇಷ್ಟೇನಾ?”

“ಏನೋ ದೊಡ್ಡ ಗಾಯದ ಗುರುತೋ, ಮಚ್ಚೆಯೋ ಇರ್ಬೇಕು ಅಂದ್ಕೊಂಡಿದ್ದೆ ರೀ, ಐದು ವರ್ಷದಿಂದ. ಇದು ಮಾವಂದೇ ಅಲ್ವಾ?” ಹಾಗೆಂದು ಕೊಯ್ದ ಜಾಗಕ್ಕೆ ಅರಿಶಿನ ಹಚ್ಚಿ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಓಡಿದಳು.

ತೋಟದಲ್ಲಿ ಚೋಮಿ ಚೀಲ ಇಳಿಸಿ ನನ್ನನ್ನೇ “ರೈಟ್ರು ಬರ್ಲಿಲ್ವಾ?” ಎಂದು ಕೇಳಿದಳು. ನಾನೇ ಎಂದೆ. ಮೇಲಿಂದ ಕೆಳಗೆ ನೋಡಿ, “ಸರಿ, ತೂಕ ಬರ್ಕೊಳ್ಳಿ” ಎಂದಳು. ಮಧ್ಯಾಹ್ನದ ಗಂಜಿಯ ಹೊತ್ತಿಗೆ ಮನೆಗೆ ಹೋಗಿ ಬರಲು ಮ್ಯಾನೇಜರ ಹತ್ತಿರ ಒಪ್ಪಿಗೆ ಕೇಳಿದೆ, ಕೊಟ್ಟರು.

ಜನವರಿ 15, ಬುಧವಾರ

ನಿನ್ನೆ ಸಂಕ್ರಾಂತಿ. ಅಪ್ಪ ಸಿಹಿ ಪೊಂಗಲ್ಲನ್ನು ನುಣ್ಣಗೆ ಅರೆದು ಕೊಟ್ಟದ್ದನ್ನು ಮೂರು ಚಮಚ ತಿಂದರು. ಸಿಹಿ ನಾಲಿಗೆಗೆ ತಾಗಿದಾಗ ಕಣ್ಣು ಮುಚ್ಚಿದರು. ನಾನೂ ಮೂರು ಚಮಚ ತಿಂದೆ, ತಿನ್ನಲೇಬೇಕಲ್ಲ. ಅವರ ಜೊತೆ ದಿನಾ ಗಂಜಿ ಕುಡಿದು ನನಗೆ ಹೊಟ್ಟೆ ಬರುತ್ತಿದೆ. ಊಟಕ್ಕೆ ಕೂತಾಗಲೂ ಪ್ರತಿ ತುತ್ತಿಗೆ ಎದೆ ನೋಡಿಕೊಂಡು ನುಂಗುತ್ತೇನೆ ಎಂದು ವೀಣಾ ನಗುತ್ತಾಳೆ.

ಅಪ್ಪನ ಮುಖ ಶೇವ್ ಮಾಡಿದೆ. ಹೊಸ ಬ್ಲೇಡು ತಂದಿದ್ದೆ. ಎಡಗೈಯಲ್ಲಿ ಅವರ ಗದ್ದ ಹಿಡಿದು, ಚರ್ಮ ಎಳೆದು, ಮೆಲ್ಲಗೆ. ತುಟಿಯ ಕೆಳಗೆ ಅವರಿಗೆ ಚಿಕ್ಕ ಗುಳಿ ಇದೆ. ಅಲ್ಲಿ ಬ್ಲೇಡು ಓರೆ ಮಾಡಬೇಕು. ನನಗೂ ಅಲ್ಲೇ ಕೊಯ್ದಿದ್ದು.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ದೇವರ ಗೂಡಿನಿಂದ ಒಂದು ಅರಿಶಿನದ ಬಟ್ಟೆಯ ಗಂಟು ತಂದು ತೋರಿಸಿದಳು. ಅವತ್ತು ಸೀಬೆಮರದ ಬುಡದಲ್ಲಿ ಬಿದ್ದಿದ್ದ ನನ್ನ ಗಡ್ಡವನ್ನೆಲ್ಲ ಗುಡಿಸಿ, ಕಸಕಡ್ಡಿ ಆರಿಸಿ, ಕಾಣಿಕೆ ಸೇರಿಸಿ ಮುಡಿಪು ಕಟ್ಟಿಟ್ಟಿದ್ದಾಳೆ.

“ನಾನ್ ಕೇಳಿದ್ದು ಬಾಯಲ್ಲಿ ಊಟ” ಎಂದಳು. “ಕೊಟ್ಟ. ಮುಡಿ ಮೊದ್ಲು ಈಸ್ಕಂಡ, ಊಟ ಆಮೇಲ್ ಕೊಟ್ಟ, ಅಷ್ಟೇಯ. ತಲೆಕೂದ್ಲು ಇನ್ನೂ ಬಾಕಿ ಅದೆ, ಅದ್ನ ಬೆಟ್ಟದಲ್ಲೇ ಕೊಡಾನ. ಇವ್ರನ್ನೂ ಕರ್ಕೊಂಡೋಗಿ.”

ಅಮ್ಮ ಮಾತಾಡಿದಳಲ್ಲ, ಅಷ್ಟು ಸಾಕು.

ಜನವರಿ 24, ಶುಕ್ರವಾರ

ಕೆಲವು ದಿನ ಬರೆಯಲು ಆಗಲಿಲ್ಲ. ಅಪ್ಪನಿಗೆ ಮಧ್ಯೆ ಎರಡು ದಿನ ಹೊಟ್ಟೆ ಕೆಟ್ಟಿತ್ತು. ಜ್ವರವಿಲ್ಲ ಎಂದು ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡುವುದೇ ಆಯಿತು. ಈಗಲೂ ಕೆಲವು ತುತ್ತಿಗೆ ಕೆಮ್ಮು ಬರುತ್ತದೆ. ಪ್ರತಿ ಸಲ ನನ್ನ ಜೀವ ಬಾಯಿಗೆ ಬರುತ್ತದೆ. ಇದು ಹೀಗೆ ಎಷ್ಟು ದಿನ ನಡೆಯುತ್ತದೋ ಯಾರಿಗೂ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಗಂಜಿಯ ಹೊತ್ತಿನಲ್ಲೇ ಫೋನ್ ಬಂತು. ಮೈಸೂರಿನ ಕ್ಲಿನಿಕ್ಕಿನ ಹುಡುಗಿ. “ಸರ್, ನಿನ್ನೆ ಎಕ್ಸ್‌ರೇಗೆ ನೀವು ಬರ್ಲಿಲ್ಲ. ಇವತ್ತು ನಿಮ್ಮ ಆಪರೇಷನ್ ಡೇಟ್ ಇತ್ತು. ಬರ್ತೀರಾ, ಬೇರೆ ಡೇಟ್ ಕೊಡ್ಲಾ?”

ನಿನ್ನೆ ಎಂದರೆ ಇಪ್ಪತ್ತಮೂರು. ಇವತ್ತು ಇಪ್ಪತ್ತನಾಲ್ಕು. ಬೈಕು, ಲಾಡ್ಜು, ಪಟ್ಟಿ ಎಲ್ಲ ಒಂದೊಂದಾಗಿ ನೆನಪಾಯಿತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಸೂರಿನ ಕಡೆ ಮುಖ ಎತ್ತಿಕೊಂಡು ಕೂತುಬಿಟ್ಟೆ.

ಅಪ್ಪನ ಬಾಯಲ್ಲಿ ತುತ್ತು ಇತ್ತು. ಅವರು ನುಂಗಲಿಲ್ಲ. ನನ್ನನ್ನೇ ನೋಡುತ್ತಾ ಕಾದರು. ನಾನು ಮುಖ ಇಳಿಸಲಿಲ್ಲ. ಆಗ ಅವರ ಎಡಗೈ ಮಡಿಲಿನಿಂದ ಮೇಲೆ ಬಂತು. ಹೆಬ್ಬೆರಳು ಮತ್ತು ತೋರುಬೆರಳಲ್ಲಿ ನನ್ನ ಗದ್ದ ಹಿಡಿದುಕೊಂಡು, ಚಿಕ್ಕವನಿದ್ದಾಗ ತಲೆ ಬಾಚುವಾಗ ಹಿಡಿಯುತ್ತಿದ್ದರಲ್ಲ ಹಾಗೆ, ಮೆಲ್ಲಗೆ ಕೆಳಗೆಳೆದು ನನ್ನ ಎದೆಗೆ ತಾಗಿಸಿದರು. ಫೋನು ಜಾರಿ ಚಾಪೆಯ ಮೇಲೆ ಬಿತ್ತು. ಆಮೇಲೆ ಅವರೂ ಗದ್ದ ಬಗ್ಗಿಸಿ ನುಂಗಿದರು.

ಕೆಮ್ಮು ಬರಲಿಲ್ಲ. ಅವರು ಕೈ ತೆಗೆಯದೆ ಬಾಯಿ ತೆರೆದರು. ಮುಂದಿನ ಚಮಚ ಕೊಟ್ಟೆ.